ಗುರುವಿನ ಮೇಲೆ ಓಡುವ ಕರಿ ಚುಕ್ಕೆ: ನೋಡೋದು ಹೇಗೆ?

ಒಂದು ಪೂರಿಯ ಮೇಲೆ ಒಂದೇ ಒಂದು ಸಾಸಿವೆ ಕಾಳು ಇಡಿ. ಗುರು ಗ್ರಹದ ಮೇಲೆ ಅದರ ಚಂದ್ರ ಅಯೊದ ನೆರಳು ಬಿದ್ದಾಗ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಆ ಚುಕ್ಕೆಯೊಳಗೆ ನಿಂತವರಿಗೆ ಅದು ಸೂರ್ಯಗ್ರಹಣ. (ಅಲ್ಲಿ ನಿಲ್ಲಲು ನೆಲವೇ ಇಲ್ಲ, ಆ ಮಾತು ಬೇರೆ.) ನಮ್ಮ ತಾರಸಿಯಿಂದ ಅದನ್ನು ನೋಡಬಹುದು.

ಮೊದಲ ಕೆಲಸ ವೇಳೆ ಗೊತ್ತು ಮಾಡಿಕೊಳ್ಳುವುದು. 1610ರಲ್ಲಿ ಗೆಲಿಲಿಯೊ ಕಂಡ ನಾಲ್ಕು ಚಂದ್ರಗಳಲ್ಲಿ ಅಯೊ ಸುಮಾರು 42 ಗಂಟೆಗೊಮ್ಮೆ ಗುರುವನ್ನು ಸುತ್ತುತ್ತದೆ. ಯುರೋಪಾಗೆ ಮೂರೂವರೆ ದಿನ, ಗ್ಯಾನಿಮೀಡ್‌ಗೆ ಏಳು ದಿನ ಬೇಕು. ಹಾಗಾಗಿ ನೆರಳಿಗೇನೂ ಬರವಿಲ್ಲ. ಕ್ಯಾಲಿಸ್ಟೊವನ್ನು ಮಾತ್ರ ನಂಬಿ ಕೂರಬೇಡಿ. ವರ್ಷಗಟ್ಟಲೆ ಅದರ ನೆರಳು ಗುರುವಿಗೆ ತಾಗದೆ ಹೋಗುತ್ತದೆ. ಸ್ಟೆಲೇರಿಯಂ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನಿಮ್ಮ ಊರು ಹಾಕಿ, ಗುರುವನ್ನು ಹಿಗ್ಗಿಸಿ, ಗಡಿಯಾರ ಮುಂದೆ ಓಡಿಸಿದರೆ ನೆರಳು ಬೀಳುವ ಹೊತ್ತು ಸಿಗುತ್ತದೆ.

ವಿದೇಶಿ ಪಟ್ಟಿಗಳನ್ನು ನೋಡುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಅವು ಸಾಮಾನ್ಯವಾಗಿ ಯುಟಿ ಸಮಯದಲ್ಲಿರುತ್ತವೆ (ಅಂದರೆ ಇಂಗ್ಲೆಂಡಿನ ಗ್ರೀನಿಚ್ ಸಮಯ), ನಮ್ಮ ಸಮಯ ಬೇಕಾದರೆ ಐದೂವರೆ ಗಂಟೆ ಕೂಡಿಸಬೇಕು. 14ನೇ ತಾರೀಖು 20:10 ಅಂತಿದ್ದರೆ ನಮಗದು 15ರ ನಸುಕಿನ 1:40. ಒಮ್ಮೆ ನಾನು ಗಂಟೆ ಕೂಡಿಸಿದೆ, ತಾರೀಖು ಬದಲಿಸೋದು ಮರೆತೆ. ಒಂದು ದಿನ ಮುಂಚೆಯೇ ಶಾಲು ಹೊದ್ದು ತಾರಸಿ ಹತ್ತಿ, ಇಲ್ಲದ ನೆರಳನ್ನು ಸುಮ್ನೆ ಹುಡುಕಿದ್ದೆ.

ಟೆಲಿಸ್ಕೋಪ್ ಎಷ್ಟು ದೊಡ್ಡದಿರಬೇಕು? ಗಾಳಿ ಅಲುಗಾಡದೆ ಶಾಂತವಾಗಿದ್ದರೆ 4 ಇಂಚಿನದರಲ್ಲೂ (ಅದರ ಮುಖ್ಯ ಲೆನ್ಸ್ ಅಥವಾ ಕನ್ನಡಿಯ ಅಗಲ) ಕಾಣುತ್ತದೆ. 6 ಅಥವಾ 8 ಇಂಚಿನದಾದರೆ ಕಣ್ಣಿಗೆ ಆರಾಮ. 150 ಪಟ್ಟು ಹಿಗ್ಗಿಸಿದರೆ ಧಾರಾಳವಾಯಿತು. ಟೆಲಿಸ್ಕೋಪಿನ ಫೋಕಲ್ ಲೆಂಗ್ತನ್ನು ಐಪೀಸಿನ (ಕಣ್ಣಿಡುವ ಪುಟ್ಟ ಲೆನ್ಸ್) ಫೋಕಲ್ ಲೆಂಗ್ತಿನಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ; 1200 ಮಿ.ಮೀ. ಇದ್ದರೆ 8 ಮಿ.ಮೀ. ಐಪೀಸ್ ಹಾಕಿ. ಇನ್ನೂ ಜಾಸ್ತಿ ಮಾಡುವ ಆಸೆ ಬರುತ್ತದೆ, ಆದರೆ ಚಿತ್ರ ದೊಡ್ಡದಾದಂತೆ ಮಸುಕೂ ದೊಡ್ಡದಾಗುತ್ತದೆ.

ನನ್ನ ಪ್ರಕಾರ ಕಷ್ಟ ಕೊಡೋದು ಟೆಲಿಸ್ಕೋಪ್ ಅಲ್ಲ, ಗಾಳಿ. ಹಗಲೆಲ್ಲ ಕಾದ ಸಿಮೆಂಟ್ ತಾರಸಿ ರಾತ್ರಿ ಶಾಖ ಬಿಡುತ್ತಿರುತ್ತದೆ. ಗುರು ಹರಿಯುವ ನೀರಿನ ತಳದಲ್ಲಿರುವ ನಾಣ್ಯದಂತೆ ಅಲುಗಾಡುತ್ತದೆ. ಮಣ್ಣಿನ ಅಂಗಳ ಇದ್ದರೆ ಅಲ್ಲಿಗೇ ಹೋಗಿ. ಗುರು ಪಕ್ಕದ ಮನೆಯ ಶೀಟಿನ ಮಾಡಿಗೆ ಸ್ವಲ್ಪವೇ ಮೇಲಿರುವಾಗ ನೋಡಬೇಡಿ, ಗುರು ನೆತ್ತಿಯತ್ತ ಏರುವ ತನಕ ತಡೆಯಿರಿ. ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಟ್ಟರೆ ಅದರ ಕನ್ನಡಿಯೂ ತಣ್ಣಗಾಗುತ್ತದೆ.

ಈಗ ಕಣ್ಣಿಡಿ. ನೆರಳು ಯಾವ ಕಡೆಯಿಂದ ಬರುತ್ತೆ? ಟೆಲಿಸ್ಕೋಪಿನಲ್ಲಿ ಎಡ ಬಲ ಅದಲುಬದಲಾಗುವುದರಿಂದ ತಲೆ ಕೆಡುತ್ತದೆ, ಅಲ್ವಾ? ಸುಲಭದ ದಾರಿ ಇದೆ. ಗುರುವಿನ ಹಿಂದೆಯೇ ಟೆಲಿಸ್ಕೋಪನ್ನು ತಿರುಗಿಸುವ ಮೋಟಾರ್ ಇದ್ದರೆ ನಿಲ್ಲಿಸಿ, ಗುರುವನ್ನು ಅದರ ಪಾಡಿಗೆ ಜಾರಲು ಬಿಡಿ. ಮುಂದೆ ಮುಂದೆ ಹೋಗುವ ಅಂಚು ಪಶ್ಚಿಮ. ನೆರಳು ಹಿಂದಿನ ಅಂಚಿನಿಂದ ಒಳಬಂದು ಮುಂದಿನ ಅಂಚಿನತ್ತ ಓಡುತ್ತದೆ. ಶುರುವಿನಲ್ಲಿ ಅಂಚನ್ನು ಯಾರೋ ಉಗುರಿನಿಂದ ಚಿವುಟಿದಂತೆ ಕಾಣುತ್ತದೆ. ಹತ್ತು ನಿಮಿಷ ಕಳೆದರೆ ಚುಕ್ಕೆ ಪೂರ್ತಿ ಒಳಗೆ. ಅಯೊದ ನೆರಳು ಗುರುವನ್ನು ದಾಟಲು ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು.

ಗುರುವಿನ ಪಟ್ಟೆಗಳಲ್ಲೂ ಕಂದು ಮಚ್ಚೆಗಳಿರುತ್ತವೆ, ಮೋಸ ಹೋಗಬೇಡಿ. ನೆರಳು ಮಸಿಯಷ್ಟು ಕಪ್ಪು, ದುಂಡಗೆ. ಆ ನೆರಳು ಬೀಳಿಸಿದ ಅಯೊ ಗುರುವಿನ ನಡುಭಾಗಕ್ಕೆ ಬಂದಾಗ ಬಿಳಿ ಗೋಡೆ ಮೇಲಿನ ಸುಣ್ಣದ ಚುಕ್ಕೆಯಂತೆ ಕಾಣದೇ ಹೋಗುತ್ತದೆ, ಅಂಚಿನ ಹತ್ತಿರವಷ್ಟೇ ಗುರುತು ಸಿಗುತ್ತದೆ. ಸುಮಾರು 13 ತಿಂಗಳಿಗೊಮ್ಮೆ ಗುರು ನಮ್ಮ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬರುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನೆರಳು ಮುಂದೆ, ಚಂದ್ರ ಹಿಂದೆ. ಆಮೇಲೆ ಉಲ್ಟಾ.

ಒಟ್ಟಿಗೆ ಎರಡು ನೆರಳು ಸಿಕ್ಕರೆ ಹಬ್ಬ. ಮೂರು ಬೀಳುವುದು ಬಲು ಅಪರೂಪ. 2015ರ ಜನವರಿ 24ರಂದು ಅಯೊ, ಯುರೋಪಾ, ಕ್ಯಾಲಿಸ್ಟೊ ಮೂರರದೂ ಬಿದ್ದಿತ್ತು. ನಮ್ಮ ದುರಾದೃಷ್ಟ, ಆಗ ಇಲ್ಲಿ ನಡು ಹಗಲು.

ನೆರಳು ಸರಿಯಾಗಿ ಮಧ್ಯಕ್ಕೆ ಬಂದ ನಿಮಿಷವನ್ನು ಪುಸ್ತಕದಲ್ಲಿ ಬರೆದಿಡಿ. ಮೋಡ ಬಂದು ಕೆಟ್ಟರೆ ಬೇಜಾರಾಗಬೇಡಿ. ಅಯೊ ನಾಲ್ಕು ಸುತ್ತು ಮುಗಿಸಲು ಏಳು ದಿನ, ಮೇಲೆ ಸುಮಾರು ಎರಡು ಗಂಟೆ. ಈ ಶನಿವಾರ ರಾತ್ರಿ 9ಕ್ಕೆ ತಪ್ಪಿದ್ದು ಮುಂದಿನ ಶನಿವಾರ 11ರ ಹೊತ್ತಿಗೆ ಮತ್ತೆ ಬರುತ್ತದೆ.