ಜೋಗಿಮಟ್ಟಿಯ ರಾಬರ್ ಫ್ಲೈ: ಫೋಟೋ ಮಸುಕಾಗೋದು ನಿಂತಿದ್ದು ಹೀಗೆ

ಚಿಕ್ಕ ಹುಳವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಾಡಿನಲ್ಲಿ ರಾಬರ್ ಫ್ಲೈ (ಬೇರೆ ಹುಳಗಳನ್ನು ಬೇಟೆಯಾಡುವ ನೊಣ) ತೆಗೆದರೆ ಮೀಸೆ, ಕಾಲಿನ ಮುಳ್ಳು ಎಲ್ಲಾ ಮಸುಕು. ಕಣ್ಣಿನ ಮೇಲೆ ಮಾತ್ರ ಸುಟ್ಟಂಥ ಬಿಳಿ ಚುಕ್ಕೆ.

ಟ್ರೈಪಾಡ್‌ನಿಂದ ಉಪಯೋಗವಾಗಲಿಲ್ಲ. ಗುಡ್ಡದ ತುಂಬಾ ಗಾಳಿಯಂತ್ರ ಇರುವ ಊರು ಇದು, ಕ್ಯಾಮೆರಾ ನಿಂತರೂ ನೊಣ ಕೂತ ಕಡ್ಡಿ ನಿಲ್ಲಬೇಕಲ್ವಾ! ಆಟೋಫೋಕಸ್ ಹಿಂದಿನ ಹುಲ್ಲನ್ನೇ ಹಿಡಿಯುತ್ತಿತ್ತು. ಲೆನ್ಸಿನ ಬೆಳಕಿನ ಕಿಂಡಿ ತೀರಾ ಕಿರಿದು ಮಾಡಿ ಎಫ್/22 ಇಟ್ಟರೆ ಇಡೀ ಚಿತ್ರವೇ ಮೆತ್ತಗಾಯಿತು. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೆ ಬರೀ ಕಾಳು ಕಾಳು.

ಕೊನೆಗೆ ಕೆಲಸ ಮಾಡಿದ್ದು ಫ್ಲ್ಯಾಶ್. ಅದೂ ಈ ಕ್ರಮದಲ್ಲಿ. ಮ್ಯಾನುಯಲ್ ಮೋಡ್, ಶಟರ್ 1/200 ಸೆಕೆಂಡ್, ಎಫ್/11, ಐಎಸ್ಒ 200. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಎಲೆ ತೆಗೆಯಿರಿ. ಚಿತ್ರ ಹೆಚ್ಚುಕಮ್ಮಿ ಕಪ್ಪಾಗಿ ಬರಬೇಕು. ಬರದಿದ್ದರೆ ಅಲ್ಲಿ ಬಿಸಿಲು ಜಾಸ್ತಿ, ಪೊದೆಯ ನೆರಳಿನ ಕಡೆ ಹೋಗಿ. ಆಮೇಲೆ ಫ್ಲ್ಯಾಶ್ ಆನ್ ಮಾಡಿ, ಮ್ಯಾನುಯಲ್‌ನಲ್ಲಿ ಪೂರ್ತಿ ಪವರ್‌ನ 1/8. ಪವರ್ ಕಡಿಮೆ ಇದ್ದಷ್ಟೂ ಬೆಳಕು ಮಿಂಚುವ ಹೊತ್ತು ಚಿಕ್ಕದು, ಗಾಳಿಯ ಅಲುಗಾಟ ಅದರೊಳಗೆ ಕಾಣುವುದೇ ಇಲ್ಲ.

ಬಿಳಿ ಚುಕ್ಕೆಗೆ ಮದ್ದು ಡಿಫ್ಯೂಸರ್, ಅಂದರೆ ಫ್ಲ್ಯಾಶ್ ಬೆಳಕನ್ನು ಹರಡಿ ಮೆದುವಾಗಿಸುವ ಪರದೆ. ಟಿವಿ ಪ್ಯಾಕಿಂಗ್‌ನಲ್ಲಿ ಬರುವ ತೆಳು ಬಿಳಿ ಫೋಮ್, ಎರಡು ಪದರ. ಅದನ್ನು ಫ್ಲ್ಯಾಶ್‌ಗೆ ಅಂಟಿಸಿದರೆ ಸಾಲದು. ಲೆನ್ಸಿನ ತುದಿವರೆಗೆ ಬಾಗಿಸಿ, ಹುಳದ ತಲೆ ಮೇಲೆ ಚಪ್ಪರದ ಹಾಗೆ ನಿಲ್ಲಬೇಕು.

ಫೋಕಸ್ ರಿಂಗ್ ಒಂದೇ ಕಡೆ ಇಟ್ಟು, ಮೈಯನ್ನೇ ನಿಧಾನಕ್ಕೆ ಮುಂದೆ ವಾಲಿಸಿ; ಕಣ್ಣು ಚೂಪಾದ ತಕ್ಷಣ ಒತ್ತಿ. ಹಾರಿಹೋದರೆ ಹಿಂದೆ ಓಡಬೇಡಿ, ಸುಮ್ನೆ ಕೂತಿರಿ. ಬಹಳ ಸಲ ಅದೇ ಕಡ್ಡಿಗೆ ವಾಪಸ್ ಬರುತ್ತದೆ. ಬಾಯಲ್ಲಿ ಬೇಟೆ ಇದ್ದರೆ ಇನ್ನೂ ಹತ್ತಿರ ಬಿಡುತ್ತದೆ.