ಮೀಟರ್ ಅಲ್ಲ, ಬಿಸಿ ನೋಡಿ ಕೊಂಡ ಗಾಡಿ

ಮೂರು ಲೀಟರ್ ಎಂಜಿನ್ನಿನ ದೊಡ್ಡ ಡೀಸೆಲ್ ಸೆಡಾನ್. ಓಡಿದ್ದು 2,10,000 ಕಿ.ಮೀ. ಸಾಲದ್ದಕ್ಕೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಬೇರೆ ಉರಿಯುತ್ತಿತ್ತು. ಅದನ್ನು ಕೊಂಡೆ ಅಂದಾಗ ಗೆಳೆಯ, "ಬಿಳಿ ಆನೆ ಕಟ್ಟಿಕೊಂಡೆಯಲ್ಲೋ, ಇನ್ನು ಮೇವು ಹಾಕ್ತಾ ಇರು" ಅಂದ. ನನ್ನ ಮೆಕ್ಯಾನಿಕ್ ಅಷ್ಟೂ ಹೇಳಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದ. ಅದಾಗಿ ನಾಲ್ಕು ವರ್ಷ. ಈಗ ಮೀಟರ್ 2,90,000 ಹತ್ತಿರ ಇದೆ. ಅದೇ ಡಿಪಿಎಫ್, ಅದೇ ಟರ್ಬೊ. ಆದ್ದರಿಂದ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಸಹಿಸಿಕೊಳ್ಳಿ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಇದಕ್ಕೂ ಮುಂಚೆ ಇಂಥದ್ದೇ ಒಂದು ಗಾಡಿ ಕೊಂಡಿದ್ದೆ. ಬರೀ 64,000 ಕಿ.ಮೀ. ಓಡಿತ್ತು. ಒಬ್ಬರೇ ಮಾಲೀಕರು, ಸರ್ವಿಸ್ ಪುಸ್ತಕದ ತುಂಬ ಸೀಲು, ಸೀಟಿನ ಚರ್ಮದಲ್ಲಿ ಇನ್ನೂ ಹೊಸ ವಾಸನೆ. ಮೀಟರ್ ನೋಡಿದ್ದೇ ದುಡ್ಡು ಕೊಟ್ಟೆ. ಅವರು ದಿನಾ ಓಡಿಸುತ್ತಿದ್ದದ್ದು ಹೋಗುವಾಗ ನಾಲ್ಕು, ಬರುವಾಗ ನಾಲ್ಕು ಕಿ.ಮೀ. ಅಂತ ಆಮೇಲೆ ಗೊತ್ತಾಯಿತು. ಎಂಜಿನ್ ಒಂದು ದಿನವೂ ನೆಟ್ಟಗೆ ಬಿಸಿಯಾಗಿರಲಿಲ್ಲ. ಏಳನೇ ತಿಂಗಳಿಗೆ ಡಿಪಿಎಫ್ ಕಟ್ಟಿಕೊಂಡಿತು. ಅದಕ್ಕೂ ಮುಂಚೆಯೇ ಒಂದು ಸೂಚನೆ ಸಿಕ್ಕಿತ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲೇ ಇತ್ತು. ಆಯಿಲ್ ಕುಡಿಯದ ಗಾಡಿ ಅಂತ ನಾನು ಖುಷಿಪಟ್ಟೆ! ರೀಜನರೇಷನ್, ಅಂದರೆ ಫಿಲ್ಟರಿನ ಮಸಿಯನ್ನು ಬಿಸಿಯಲ್ಲಿ ಸುಡುವ ಕೆಲಸ, ಅರ್ಧಕ್ಕೇ ನಿಂತು ನಿಂತು, ಅದಕ್ಕೆ ಬಿಟ್ಟ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರಿತ್ತು. ತೆಳ್ಳಗಾದ ಆ ಆಯಿಲ್ ಟರ್ಬೊ ಬೇರಿಂಗನ್ನು ತಿಂದುಹಾಕಿತು.

ದುಡ್ಡಿನ ವಿಷಯ. ಖರ್ಚನ್ನೆಲ್ಲ ನಾನು ಟ್ಯಾಂಕ್ ಲೆಕ್ಕದಲ್ಲಿ ಬರೆದಿಡುತ್ತೇನೆ. ಒಂದು ಟ್ಯಾಂಕ್ ಅಂದರೆ 70 ಲೀಟರ್ ಡೀಸೆಲ್ಲಿನ ದುಡ್ಡು. ವರ್ಷ ಕಳೆದು ನೋಡಿದರೂ ಹೋಲಿಸುವುದು ಸುಲಭ. ಆ ಮೊದಲನೇ ಗಾಡಿಗೆ ಕೊಟ್ಟದ್ದು ಸುಮಾರು 190 ಟ್ಯಾಂಕ್. ಡಿಪಿಎಫ್‌ಗೆ 25, ಟರ್ಬೊಗೆ 20. ಮಾರುವಾಗ ಬಂದದ್ದು 100. ಅಂದರೆ ಒಂದೂವರೆ ವರ್ಷದಲ್ಲಿ 135 ಟ್ಯಾಂಕ್ ಗಾಳಿಗೆ. ಎರಡನೇ ಗಾಡಿಯ ಬೆಲೆ ಅದಕ್ಕಿಂತ ಕಮ್ಮಿ!

ಆ ಪೆಟ್ಟು ಬಿದ್ದ ಮೇಲೆ ನಾನು ನೋಡುವ ರೀತಿಯೇ ಬದಲಾಯಿತು. ಎಷ್ಟು ಓಡಿದೆ ಅಂತ ಕೇಳುವುದನ್ನು ಬಿಟ್ಟೆ. ಎಷ್ಟು ಹೊತ್ತು ಬಿಸಿಯಾಗಿ ಓಡಿದೆ ಅಂತ ಹುಡುಕಲು ಶುರು ಮಾಡಿದೆ. ಡೀಸೆಲ್ ಕಾರಿನ ಹುಟ್ಟೇ ಹಾಗಿದೆ ನೋಡಿ. 1936ರಲ್ಲಿ ಮರ್ಸಿಡಿಸ್ 260 ಡಿ ಬಂದಾಗ, 45 ಅಶ್ವಶಕ್ತಿಯ ಆ ಭಾರದ ಗಾಡಿಯನ್ನು ಮೆಚ್ಚಿಕೊಂಡವರು ಟ್ಯಾಕ್ಸಿಯವರು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ರಾತ್ರಿ ತನಕ ಓಡುವ ಜನ.

ಈಗ ನಾನು ಗಾಡಿ ನೋಡಲು ಹೋದರೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಅವತ್ತು ವಾಪಸ್. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂದರೆ ಏನನ್ನೋ ಮುಚ್ಚಿಡುತ್ತಿದ್ದಾರೆ, ಅಲ್ವಾ? ತಣ್ಣಗಿದ್ದರೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ, ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಇಂಜೆಕ್ಟರ್ ಕರೆಕ್ಷನ್ (ಒಂದೊಂದು ಸಿಲಿಂಡರಿಗೆ ಬಿಡುವ ಡೀಸೆಲ್ಲನ್ನು ಕಂಪ್ಯೂಟರ್ ಎಷ್ಟು ಹೆಚ್ಚುಕಮ್ಮಿ ಮಾಡುತ್ತಿದೆ ಅಂತ) ನೋಡುತ್ತೇನೆ. ಒಂದು ಸಿಲಿಂಡರ್ ಮಾತ್ರ ಬೇರೆಯವುಗಳಿಂದ ದೂರ ನಿಂತಿದ್ದರೆ ಚೌಕಾಸಿ ಅಲ್ಲಿಂದಲೇ ಶುರು. ಫಾಲ್ಟ್ ಕೋಡ್‌ಗಳಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಅವನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಆದರೆ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದು ಸ್ಕ್ಯಾನರಿನಲ್ಲಿ ಸಿಗುತ್ತದೆ. ಒಂದು ಕಡೆ "ಏನೂ ತೊಂದರೆ ಇಲ್ಲ ಸಾರ್, ನೋಡ್ಕೊಳಿ" ಅಂದರು. ನೋಡಿದೆ, 11 ಕಿ.ಮೀ. ಇತ್ತು. ಟೀ ಕುಡಿದು ಬಂದೆ.

ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ನೋಡುವುದು ನಿಮಗೆಲ್ಲ ಗೊತ್ತಿರುವುದೇ. ಕಪ್ಪು ಮಸಿ ಬಂದರೆ ಒಳಗಿನ ಡಿಪಿಎಫ್ ಖಾಲಿ ಡಬ್ಬ, ಇಲ್ಲವೇ ಬಿರುಕು ಬಿಟ್ಟಿದೆ. ಟೈಮಿಂಗ್ ಚೈನ್ (ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಸರಪಳಿ) ಎಲ್ಲಿದೆ ಅಂತಲೂ ಮೊದಲೇ ಓದಿಕೊಂಡು ಹೋಗಿ. ಬಿಎಂಡಬ್ಲ್ಯುವಿನ ಹಳೆಯ ಎಂ57 ಎಂಜಿನ್ನಿನಲ್ಲಿ ಅದು ಮುಂದೆ, ಆಮೇಲೆ ಬಂದ ಎನ್57ರಲ್ಲಿ ಹಿಂದೆ, ಗೇರ್‌ಬಾಕ್ಸ್ ಕಡೆ. ಹಿಂದೆ ಇರುವ ಚೈನ್ ಮುಟ್ಟಬೇಕು ಅಂದರೆ ಕೂಲಿಯೇ ಬಿಡಿಭಾಗಕ್ಕಿಂತ ದುಬಾರಿ. ಏರ್ ಸಸ್ಪೆನ್ಷನ್ ಇರುವ ಗಾಡಿಯ ಹತ್ತಿರ ನಾನು ಹೋಗುವುದೇ ಇಲ್ಲ. ಅದು ನನ್ನ ಪುಕ್ಕಲುತನ ಅಂದುಕೊಳ್ಳಿ.

ಈಗ ಆ ದೀಪ ಉರಿಯುತ್ತಿದ್ದ ಗಾಡಿಗೆ ಬರೋಣ. ನನಗಿಂತ ಮುಂಚೆ ನೋಡಿದವರೆಲ್ಲ ದೀಪ ನೋಡಿಯೇ ಬಿಟ್ಟುಹೋಗಿದ್ದರು. ಮಾಲೀಕರೂ ಡಿಪಿಎಫ್ ಸತ್ತಿದೆ ಅಂತಲೇ ನಂಬಿ ಬೆಲೆ ಇಳಿಸಿದ್ದರು. ಸ್ಕ್ಯಾನರಿನಲ್ಲಿ ಮಸಿ 38 ಗ್ರಾಂ ಚಿಲ್ಲರೆ ಇತ್ತು. ಆದರೆ ಬೂದಿ ತುಂಬ ಇರಲಿಲ್ಲ. ಮಸಿಯಾದರೆ ಸುಟ್ಟು ಹೋಗುತ್ತದೆ, ಬೂದಿ ಸುಡುವುದಿಲ್ಲ. ಹೆದ್ದಾರಿಯಲ್ಲಿ ಓಡಾಡುವ ಗಾಡಿಯಲ್ಲಿ ಇಷ್ಟು ಮಸಿ ಯಾಕೆ? ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡು 25 ಕಿ.ಮೀ. ಓಡಿಸಿದೆ. ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ನೆಟ್ಟಗೆ ನಡುವೆ ನಿಂತಿತ್ತು. ಸ್ಕ್ಯಾನರಿನಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) 69 ಡಿಗ್ರಿ. ಇಳಿಜಾರಿನಲ್ಲಿ 66. ಅಷ್ಟೇ! ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ಮುಚ್ಚಿರಬೇಕಾದ ಬಾಗಿಲು, ತೆರೆದುಕೊಂಡೇ ಕೂತಿತ್ತು. ಆ ಗಾಡಿಯ ಕಂಪ್ಯೂಟರ್ 75ರ ಕೆಳಗೆ ರೀಜನರೇಷನ್ನಿಗೆ ಕೈಯೇ ಹಾಕುವುದಿಲ್ಲ. ಬೋರ್ಡಿನ ಮುಳ್ಳು 75ಕ್ಕೂ ನಡುವೆ, 100ಕ್ಕೂ ನಡುವೆ. ಅದನ್ನು ಮಾತ್ರ ನಂಬಬೇಡಿ.

ಮಾಲೀಕರ ಮುಂದೆ ಮುಖ ಸಣ್ಣ ಮಾಡಿಕೊಂಡೆ. 125 ಟ್ಯಾಂಕಿಗೆ ಮುಗಿಸಿದೆ. ಥರ್ಮೋಸ್ಟಾಟ್, ಕೂಲಂಟ್, ಕೂಲಿ ಎಲ್ಲ ಸೇರಿ ಎರಡು ಟ್ಯಾಂಕ್ ಆಗಲಿಲ್ಲ. ಆಯಿಲ್ ಬದಲಿಸಿ ಹೆದ್ದಾರಿಗೆ ಹತ್ತಿಸಿದೆ. 88 ಡಿಗ್ರಿ ಮುಟ್ಟಿದ ಸ್ವಲ್ಪ ಹೊತ್ತಿಗೆ ಡಿಪಿಎಫ್ ಮುಂದಿನ ಬಿಸಿ 600ಕ್ಕೆ ಏರಿತು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಗ್ರಾಂ ಇಳಿಯುವುದನ್ನು ಗಟ್ಟಿಯಾಗಿ ಓದುತ್ತಿದ್ದ. ಮೂವತ್ತು, ಇಪ್ಪತ್ತೆರಡು, ಹದಿನಾಲ್ಕು... ಆರಕ್ಕೆ ಬಂದು ನಿಂತಿತು. ದೀಪ ಆರಿತು. "ಟೈಮ್ ಚೆನ್ನಾಗಿತ್ತು ಬಿಡಿ ಸಾರ್" ಅಂದ. ಪೂರ್ತಿ ಒಪ್ಪಿಕೊಳ್ಳಲು ಅವನಿಗೆ ಇನ್ನೂ ಎರಡು ವರ್ಷ ಬೇಕಾಯಿತು.

ಕಿತ್ತು ತೆಗೆದ ಥರ್ಮೋಸ್ಟಾಟನ್ನು ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ತಣ್ಣೀರಿನಲ್ಲೇ ಬಾಯಿ ತೆರೆದುಕೊಂಡಿತ್ತು. ಆ ಪಾತ್ರೆ ಮತ್ತೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ. ಇನ್ನೊಂದು ಹುಚ್ಚಿನಲ್ಲಿ ಸಿಕ್ಕ ಸಿಕ್ಕವರ ಗಾಡಿಯ ಡಿಪ್‌ಸ್ಟಿಕ್ಕಿನಿಂದ ಫಿಲ್ಟರ್ ಕಾಗದದ ಮೇಲೆ ಒಂದೊಂದು ಹನಿ ಬಿಟ್ಟೆ. ಡೀಸೆಲ್ ಬೆರೆತ ಆಯಿಲ್ ಆದರೆ ಸುತ್ತ ತೆಳು ಉಂಗುರ ಹರಡಿಕೊಳ್ಳುತ್ತದೆ. ಆರರಲ್ಲಿ ಎರಡಕ್ಕೆ ಉಂಗುರ ಬಂತು. ಎರಡೂ ಊರೊಳಗೇ ಓಡುವ ಗಾಡಿಗಳು. ನಕ್ಕಿದ್ದ ಗೆಳೆಯನದ್ದೂ ಒಂದು. ಮೈಲೇಜನ್ನು ಟ್ಯಾಂಕ್ ತುಂಬಿಸಿ ತುಂಬಿಸಿ ಅಳೆದೆ. ಹೆದ್ದಾರಿಯಲ್ಲಿ ಲೀಟರಿಗೆ 16, ಊರೊಳಗೆ 9. ಬೋರ್ಡು ಯಾವಾಗಲೂ ಒಂದು ಜಾಸ್ತಿ ಹೇಳುತ್ತದೆ.

ನಾಲ್ಕು ವರ್ಷದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಡೀಸೆಲ್ಲಿಗೆ 80 ಟ್ಯಾಂಕ್ ಮೇಲೆ. ಮೊದಲ ವರ್ಷದ ರಿಪೇರಿ 28. ಅದರಲ್ಲಿ ಟೈರೇ 9 ತಿಂದಿತು. ಆಮೇಲೆ ವರ್ಷಕ್ಕೆ ಎಂಟೋ ಹತ್ತೋ. ದಿನಾ ಹತ್ತು ಕಿ.ಮೀ. ಓಡಿಸುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಪೆಟ್ರೋಲ್ ನೋಡಿಕೊಳ್ಳಲಿ.

ಮಾರುವವರಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡು ಕೂತಿರುತ್ತಾರೆ. ಟರ್ಬೊ ಶಬ್ದ ಎಲ್ಲಿ ನಿಂತು ಕೇಳಬೇಕು ಅನ್ನುವುದೂ ನನ್ನ ಹತ್ತಿರವೇ ಇರಲಿ.

ಸದ್ಯಕ್ಕೆ ಉಳಿದಿರುವ ಕೆಲಸ ಗೇರ್‌ಬಾಕ್ಸಿನದ್ದು. ಅದರ ಆಯಿಲ್ ಜೀವನಪೂರ್ತಿ ಬರುತ್ತದೆ ಅಂತ ಕಾರಿನ ಪುಸ್ತಕ ಹೇಳುತ್ತದೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರೇ 80,000ದಿಂದ 1,20,000 ಕಿ.ಮೀ.ಗೆ ಒಮ್ಮೆ ಬದಲಿಸಿ ಅನ್ನುತ್ತಾರೆ. ನಾನು ಕೊಂಡ ವರ್ಷ ಬದಲಿಸಿದ್ದೆ, ಆರು ಟ್ಯಾಂಕ್ ಆಗಿತ್ತು. ಈಗ ಎರಡರಿಂದ ಮೂರಕ್ಕೆ ಬೀಳುವಾಗ ಸಣ್ಣಗೆ ತಳ್ಳಿದ ಹಾಗಾಗುತ್ತಿದೆ. ಮುಂದಿನ ತಿಂಗಳು ಅದರ ಕೆಳಗಿನ ಆಯಿಲ್ ಪ್ಯಾನ್ ಬಿಚ್ಚಬೇಕು.