ಆ ಹಳೆ ರಿಲೇ ಬೇಡ ಅಂದದ್ದು ಯಾಕೆ

ಮಡಿಕೇರಿಯ ಜುಲೈ ಮಳೆಯಲ್ಲಿ ಕಿಟಕಿ ತೆಗೆಯುವ ಮಾತೇ ಇಲ್ಲ. ನಮ್ಮ ಹೋಂಸ್ಟೇ ಉಗ್ರಾಣದ ಫ್ರಿಡ್ಜ್ ಬರೀ ಟಿಕ್ ಟಿಕ್ ಅನ್ನುತ್ತಿತ್ತು, ಕಂಪ್ರೆಸರ್ ಶುರುವಾಗುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ ಹಿಂದಿನ ಮುಚ್ಚಳ ಬಿಚ್ಚಿದ. ತೇವಕ್ಕೆ, ಕಂಪ್ರೆಸರ್ ಶುರು ಮಾಡಿಸುವ ರಿಲೇಯ ಪಿನ್ನುಗಳು ತುಕ್ಕು ಹಿಡಿದಿದ್ದವು. ಚೀಲದಿಂದ ಬೇರೆ ಫ್ರಿಡ್ಜಿನ ಹಳೆ ರಿಲೇ ತೆಗೆದ. ‘ಬೇಡಪ್ಪ’ ಅಂದೆ.

ಕಂಪ್ರೆಸರ್ ಮೇಲೆ ಆರ್-600ಎ ಎಂದಿತ್ತು. ಅಂದರೆ ಒಳಗೆ ತಂಪು ಮಾಡುವ ಗ್ಯಾಸ್ ಐಸೋಬ್ಯೂಟೇನ್, ನಮ್ಮ ಅಡುಗೆ ಗ್ಯಾಸಿನ ಜಾತಿಯದೇ. ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ, ಸೋರಿದರೆ ನೆಲದ ಹತ್ತಿರವೇ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 1.8ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಹುದು. ಹಳೆ ಮಾದರಿಯ ರಿಲೇಯಲ್ಲಿ ಕಾಂಟ್ಯಾಕ್ಟ್ ಬಿಟ್ಟಾಗ ಕಿಡಿ ಹಾರುತ್ತದೆ. ಪಿಟಿಸಿ ಎಂಬ ಇನ್ನೊಂದು ಬಗೆಯ ರಿಲೇಯಲ್ಲಿ ಒಳಗಿನ ಬಿಲ್ಲೆ ಬಿಸಿಯಾಗಿ ಕರೆಂಟ್ ತಡೆಯುತ್ತದೆ, ಕಿಡಿಯೇ ಇಲ್ಲ.

ಮಳೆ ಎರಚಿದರೂ ಸರಿ ಅಂತ ಬಾಗಿಲು, ಕಿಟಕಿ ತೆಗೆದೆವು. ಪ್ಲಗ್ ಕೀಳಲಿಲ್ಲ, ಅದೂ ಕಿಡಿಯೇ ಅಲ್ವಾ? ಹೊರಗಿನ ಮೇನ್ ಆಫ್ ಮಾಡಿದೆವು. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿದೆವು. ಫ್ರಿಡ್ಜ್ ನಿಂತಿರುವಾಗಲೇ ಇದನ್ನು ನೋಡಬೇಕು, ಓಡುವಾಗ ತಂಪಿನ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ, ತೂತಿದ್ದರೂ ಅಲ್ಲಿ ಗುಳ್ಳೆ ಏಳದು. ಗುಳ್ಳೆ ಬರಲಿಲ್ಲ.

ಆ ಕಂಪ್ರೆಸರ್‌ಗೆ ಹೇಳಿದ ಪಿಟಿಸಿ ರಿಲೇ, ಓವರ್‌ಲೋಡ್ (ಕಂಪ್ರೆಸರ್ ತೀರಾ ಬಿಸಿಯಾದರೆ ಕರೆಂಟ್ ಕಡಿಯುವ ಭಾಗ) ಎರಡನ್ನೂ ಮೈಸೂರಿನಿಂದ ತರಿಸಲು ಎರಡು ದಿನ ಹಿಡಿಯಿತು. ಹಾಕಿದ ಕೂಡಲೇ ಕಂಪ್ರೆಸರ್ ಶುರುವಾಯಿತು. ಫ್ರಿಡ್ಜ್ ಈಗ ಗಾಳಿಯಾಡುವ ಜಗಲಿಯಲ್ಲಿದೆ.